ಹುಲಿಯ ಮೇಲೇರಿದ ಸಿಂಹ: ಶ್ರೀರಂಗಪಟ್ಟಣದ ಪದಕವನ್ನು ಓದುವ ಬಗೆ

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಟಿಪ್ಪು ಸುಲ್ತಾನ್ ಅದೇ ದಿನ ಕೋಟೆಯೊಳಗೆ ಕಾದಾಡುತ್ತಲೇ ಮಡಿದ. ಇಷ್ಟನ್ನು ಶಾಲೆಯ ಪಾಠದಲ್ಲೇ ಎಲ್ಲರೂ ಓದಿರುತ್ತಾರೆ. ಆ ಗೆಲುವಿನ ನೆನಪಿಗೆಂದು ಕಂಪನಿ ಹೊರಡಿಸಿದ ಪದಕದ ಸಂಗತಿ ಮಾತ್ರ ಹಳೆಯ ನಾಣ್ಯಗಳಲ್ಲಿ ಆಸಕ್ತಿಯುಳ್ಳವರನ್ನು ಬಿಟ್ಟರೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಮತ್ತು ನ್ಯಾಷನಲ್ ಆರ್ಮಿ ಮ್ಯೂಸಿಯಂಗಳಲ್ಲಿ ಅದನ್ನು ಜೋಪಾನವಾಗಿ ಇಟ್ಟಿದ್ದಾರೆ. ಅದು ತಯಾರಾದದ್ದು ಬರ್ಮಿಂಗ್‌ಹ್ಯಾಮ್ ಹತ್ತಿರದ ಸೋಹೋ ಟಂಕಸಾಲೆಯಲ್ಲಿ. ಆ ಟಂಕಸಾಲೆಯ ಒಡೆಯ ಮ್ಯಾಥ್ಯೂ ಬೌಲ್ಟನ್ ವಾಸವಿದ್ದ ಸೋಹೋ ಹೌಸ್ ಇಂದು ಆ ನಗರದ ಒಂದು ಸ್ಥಳೀಯ ವಸ್ತುಸಂಗ್ರಹಾಲಯ. ಗಾಜಿನ ಪೆಟ್ಟಿಗೆಯೊಳಗಿನ ಇಂಥ ಬಿಲ್ಲೆಗಳ ಮುಂದೆ ಜನ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕತ್ತಿ, ಸಿಂಹಾಸನದ ತುಣುಕು, ಫಿರಂಗಿ ಕಣ್ಣು ಸೆಳೆಯುವಷ್ಟು ಪದಕ ಸೆಳೆಯದು. ಆದರೆ ಶ್ರೀರಂಗಪಟ್ಟಣದ ಯುದ್ಧದಿಂದ ಉಳಿದುಬಂದ ವಸ್ತುಗಳಲ್ಲಿ ಇಷ್ಟು ವಿವರವಾಗಿ ಮಾತಾಡುವುದು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಕತ್ತಿಯನ್ನು ಮಾಡಿಸುವುದು ಹೊಡೆದಾಡಲು. ಪದಕವನ್ನು ಮಾಡಿಸುವುದು ಇನ್ನೊಬ್ಬರ ಮನಸ್ಸಿನಲ್ಲಿ ಒಂದು ನೆನಪನ್ನು ಕೂರಿಸಲು. ಅದರ ಪ್ರತಿಯೊಂದು ಗೆರೆಯ ಹಿಂದೆಯೂ ಯಾರೋ ಆಲೋಚಿಸಿ ತೆಗೆದುಕೊಂಡ ನಿರ್ಧಾರವಿದೆ. ಆ ನಿರ್ಧಾರಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ಗೆದ್ದವರ ಜಯಘೋಷವೆಂದು ಕಾಣುವ ಈ ಪದಕ ಸೋತವನ ಸಂಕೇತಗಳಿಗೆ ಎಷ್ಟು ಬಲವಿತ್ತು ಎಂಬುದಕ್ಕೇ ಸಾಕ್ಷಿ ನುಡಿಯುತ್ತದೆ.

ಮೊದಲು ಪದಕವನ್ನೇ ಹತ್ತಿರದಿಂದ ನೋಡೋಣ. ಸೋಹೋದಲ್ಲಿ ಅಚ್ಚಾದ ಪದಕದ ಅಗಲ 48 ಮಿಲಿಮೀಟರ್, ಅಂದರೆ ಅಂಗೈಯೊಳಗೆ ಹಿಡಿಯುವಷ್ಟು. ಒಂದು ಬದಿಯಲ್ಲಿ ಹುಲಿ ಅಂಗಾತ ಬಿದ್ದಿದೆ. ಅದರ ಮೇಲೆ ಸಿಂಹವೊಂದು ಎರಗಿ ಅದನ್ನು ಅದುಮಿ ಹಿಡಿದಿದೆ. ಸಿಂಹದ ಹಿಂದೆ ಬ್ರಿಟಿಷ್ ಗುರುತುಳ್ಳ ಬಾವುಟವೊಂದು ಹಾರುತ್ತಿದೆ. ಆ ಬಾವುಟದ ಮೇಲಿರುವುದು ಅರಬ್ಬಿ ಅಕ್ಷರಗಳು: ‘ಅಸದುಲ್ಲಾಹ್ ಅಲ್ ಗಾಲಿಬ್’, ದೇವರ ಸಿಂಹವೇ ಜಯಶಾಲಿ ಎಂದು. ಕೆಳಗೆ ರೋಮನ್ ಅಂಕಿಗಳಲ್ಲಿ 1799ರ ಮೇ 4ರ ತಾರೀಕು. ತಿರುಗಿಸಿದರೆ ಇನ್ನೊಂದು ಬದಿಯಲ್ಲಿ ಒಡೆದ ಕೋಟೆಗೋಡೆಯತ್ತ ನುಗ್ಗುತ್ತಿರುವ ಸೈನ್ಯ, ಮೇಲೆ ನಡುನೆತ್ತಿಯ ಸೂರ್ಯ. ಅಂದು ದಾಳಿ ಶುರುವಾದದ್ದು ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ. ಸೂರ್ಯನನ್ನು ನೆತ್ತಿಯ ಮೇಲೆ ನಿಲ್ಲಿಸಿ ಆ ಹೊತ್ತನ್ನು ಸೂಚಿಸಿದ್ದಾರೆ. ಅದರ ಕೆಳಗೆ ಪಾರ್ಸಿ ಭಾಷೆಯ ಬರಹ: ಶ್ರೀರಂಗಪಟ್ಟಣದ ಕೋಟೆ ದೇವರು ಕೊಟ್ಟದ್ದು ಎಂಬ ಮಾತು, ಜೊತೆಗೆ ಹಿಜರಿ 1213ರ ಜಿಲ್ಕಾದ್ ತಿಂಗಳ 28ನೇ ದಿನ ಎಂಬ ತಾರೀಕು. ಇಂಗ್ಲಿಷರು ಇಂಗ್ಲೆಂಡಿನಲ್ಲಿ ಅಚ್ಚು ಹಾಕಿಸಿದ ಈ ಪದಕದ ಬರಹದಲ್ಲಿ ಮೇ ತಿಂಗಳ ಹೆಸರೊಂದನ್ನು ಬಿಟ್ಟರೆ ಇಂಗ್ಲಿಷಿನ ಒಂದು ಪದವೂ ಇಲ್ಲ. ಕನ್ನಡ, ತಮಿಳು, ತೆಲುಗುಗಳಂತೂ ಇಲ್ಲವೇ ಇಲ್ಲ.

ಹುಲಿ ಇಲ್ಲಿಗೆ ಎಲ್ಲಿಂದ ಬಂತೆಂದು ಕನ್ನಡ ಓದುಗರಿಗೆ ಹೇಳಬೇಕಾಗಿಲ್ಲ. ಟಿಪ್ಪುವಿನ ಸಿಂಹಾಸನವನ್ನು ಹೊತ್ತದ್ದು ಹುಲಿ, ಅವನ ಕತ್ತಿಯ ಹಿಡಿಯಲ್ಲಿ ಹುಲಿ, ಫಿರಂಗಿಯ ಬಾಯಲ್ಲಿ ಹುಲಿ, ಸೈನಿಕರ ಉಡುಪಿನ ಮೇಲೆ ಹುಲಿಯ ಪಟ್ಟೆ. ಯುರೋಪಿನವನೊಬ್ಬನ ಮೇಲೆ ಎರಗಿರುವ ಮರದ ಹುಲಿ, ಒಳಗಿನ ಯಂತ್ರದಿಂದ ಗುಟುರು ಹಾಕುವ ಆ ಪ್ರಸಿದ್ಧ ಗೊಂಬೆ, ಈಗ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಆದ್ದರಿಂದ ಹುಲಿಯನ್ನು ಕೆಡವಿದ ಚಿತ್ರವೆಂದರೆ ಟಿಪ್ಪುವನ್ನು ಕೆಡವಿದ ಚಿತ್ರ ಎಂಬುದು ಸ್ಪಷ್ಟ. ಆದರೆ ಬಾವುಟದ ಮೇಲಿನ ಅರಬ್ಬಿ ಮಾತಿನ ಹಿನ್ನೆಲೆ ತಿಳಿದರೆ ಚಿತ್ರದ ಅರ್ಥ ಇನ್ನೂ ಆಳಕ್ಕೆ ಇಳಿಯುತ್ತದೆ. ‘ದೇವರ ಸಿಂಹ’ ಎಂಬುದು ಪ್ರವಾದಿಯವರ ಅಳಿಯ ಹಜರತ್ ಅಲಿಯವರ ಬಿರುದು. ಟಿಪ್ಪುವಿನ ತಂದೆಗಿದ್ದ ಹೈದರ್ ಎಂಬ ಹೆಸರೂ ಮೂಲದಲ್ಲಿ ಅವರದೇ; ಅದರ ಅರ್ಥವೂ ಸಿಂಹವೇ. ಟಿಪ್ಪು ಇದೇ ವಾಕ್ಯವನ್ನು ತನ್ನ ಬಾವುಟ ಮತ್ತು ಆಯುಧಗಳ ಮೇಲೆ ಬರೆಸಿಕೊಂಡಿದ್ದ. ಅದನ್ನು ಕುಶಲ ಲಿಪಿಕಾರರು ಎಡಬಲ ಕನ್ನಡಿಯಲ್ಲಿ ಕಂಡಂತೆ ಬರೆದು, ಅಕ್ಷರಗಳೇ ಸೇರಿ ಹುಲಿಯ ಮುಖವಾಗುವಂತೆ ಮಾಡುತ್ತಿದ್ದರು. ಕಂಪನಿ ಮಾಡಿದ್ದು ಇಷ್ಟು: ಟಿಪ್ಪುವಿನ ಹುಲಿಯನ್ನು ನೆಲಕ್ಕೆ ಬೀಳಿಸಿ, ಟಿಪ್ಪುವಿನ ವಾಕ್ಯವನ್ನು ಎತ್ತಿಕೊಂಡು, ಬ್ರಿಟಿಷ್ ಸಿಂಹದ ಬಾವುಟಕ್ಕೆ ಬರೆಯಿತು. ಪಾರ್ಸಿ ಬರಹದ್ದೂ ಇದೇ ಕಥೆ. ಟಿಪ್ಪು ತನ್ನ ಆಡಳಿತವನ್ನು ಕರೆದುಕೊಳ್ಳುತ್ತಿದ್ದುದು ‘ಸರ್ಕಾರ್-ಎ-ಖುದಾದಾದ್’ ಎಂದು, ಅಂದರೆ ದೇವರು ಕೊಟ್ಟ ಸರ್ಕಾರ. ಅವನ ರಾಜಧಾನಿ ದೇವರು ನಮಗೆ ಕೊಟ್ಟದ್ದೆಂದು ಗೆದ್ದವರು ಬರೆಸಿದಾಗ ಅದನ್ನು ಬರೀ ಕಾಕತಾಳೀಯ ಎಂದು ಬಿಟ್ಟುಬಿಡುವುದು ಕಷ್ಟ. ಸೋತವನಿಗೆ ದೇವರು ಕೊಟ್ಟಿದ್ದನ್ನು ದೇವರೇ ಕಿತ್ತು ಗೆದ್ದವನಿಗೆ ಕೊಟ್ಟ ಎಂದು ಸೋತವನದೇ ಧಾಟಿಯಲ್ಲಿ ಹೇಳಿದಂತಾಯಿತು.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಸಿಂಹ ಬ್ರಿಟನ್ನಿನ ಹಳೆಯ ಲಾಂಛನ. ವೀರನೊಬ್ಬ ಮೃಗವನ್ನು ಕೊಲ್ಲುವ ಚಿತ್ರ ಲೋಕದ ಎಲ್ಲೆಡೆಯೂ ಇದೆ. ಬೇಲೂರು, ಹಳೇಬೀಡುಗಳಲ್ಲಿ ಸಳ ಹುಲಿಯನ್ನು ಇರಿಯುತ್ತಿರುವ ಶಿಲ್ಪವೇ ಇಲ್ಲವೆ? ಕಲಾವಿದ ರೂಢಿಯ ಚಿತ್ರವೊಂದನ್ನು ಬಿಡಿಸಿದ್ದಕ್ಕೆ ಇಷ್ಟೊಂದು ಅರ್ಥ ಹಚ್ಚಬೇಕೆ? ಪ್ರಶ್ನೆ ನ್ಯಾಯವಾದದ್ದೇ. ಹೊಯ್ಸಳರ ಲಾಂಛನದ ಜೊತೆ ಇಟ್ಟು ನೋಡಿದರೆ ಉತ್ತರವೂ ಸಿಗುತ್ತದೆ. ಸಳನ ಎದುರಿಗಿರುವುದು ಸೊಸೆವೂರಿನಲ್ಲಿ ಗುರುಗಳ ಮೇಲೆ ಬೀಳಬಂದ ಕಾಡುಮೃಗ. ಕಥೆಯ ಮಟ್ಟಿಗೆ ಅದು ಯಾವ ರಾಜನ ಗುರುತೂ ಅಲ್ಲ. ಆ ಕಥೆಯಲ್ಲಿ ಮೃಗವನ್ನು ಎದುರಿಸುವವನು ಮನುಷ್ಯ, ಕಾರಣ ಗುರುವಿನ ರಕ್ಷಣೆ. ಪದಕದಲ್ಲಾದರೋ ಒಬ್ಬ ನಿರ್ದಿಷ್ಟ ದೊರೆಯ ಲಾಂಛನವನ್ನು ಇನ್ನೊಂದು ರಾಜ್ಯದ ಲಾಂಛನ ಕೆಡವಿದೆ. ಹೀಗಾಗಿ ರೂಢಿಯ ಚಿತ್ರ ಎಂಬ ಮಾತು ಸಿಂಹಕ್ಕೆ ಒಪ್ಪುತ್ತದೆ, ಹುಲಿಗೆ ಒಪ್ಪುವುದಿಲ್ಲ, ಅರಬ್ಬಿ ವಾಕ್ಯಕ್ಕಂತೂ ಸುತರಾಂ ಒಪ್ಪುವುದಿಲ್ಲ. ಇಂಗ್ಲೆಂಡಿನಲ್ಲಿ ಕೂತು ಉಕ್ಕಿನ ಅಚ್ಚಿನಲ್ಲಿ ಅರಬ್ಬಿ ಅಕ್ಷರಗಳನ್ನು ತಿರುಗುಮುರುಗಾಗಿ ಕೊರೆಯುವುದು ಕೈಗೆ ಬಂದಂತೆ ಮಾಡುವ ಕೆಲಸವಲ್ಲ. ಯಾರೋ ಆ ವಾಕ್ಯವನ್ನು ಆಯ್ದು, ಬರೆಸಿ, ಕೊಟ್ಟು ಮಾಡಿಸಿದ್ದಾರೆ.

ಇನ್ನೂ ಗಟ್ಟಿಯಾದ ಸಾಕ್ಷ್ಯ ಬೇಕೆಂದರೆ ಕಂಪನಿಯ ಕಾಲದ ಬೇರೆ ಪದಕಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಒಂದೇ ಪದಕವನ್ನು ನೋಡಿ ಸಂಕೇತದ ಮಾತಾಡಿದರೆ ಅದು ಊಹೆ ಎನಿಸೀತು. ನಾಲ್ಕನ್ನು ಸಾಲಾಗಿ ನೋಡಿದರೆ ಹಾಗೆನ್ನಲಾಗದು. 1784ರ ಡೆಕ್ಕನ್ ಪದಕದಲ್ಲಿರುವುದು ಬ್ರಿಟಾನಿಯಾ ಎಂಬ ದೇವಿ. ಕೋಟೆಯೊಂದರತ್ತ ಜಯಮಾಲೆ ಚಾಚಿದ ಆಕೆಯ ಎದುರಿಗೆ ಶತ್ರುವಿನ ಗುರುತೇ ಇಲ್ಲ. ಮೂರನೇ ಮೈಸೂರು ಯುದ್ಧದ ನಂತರ, 1791-92ರ ಸೇವೆಗೆಂದು ಭಾರತೀಯ ಸೈನಿಕರಿಗೆ ಕೊಟ್ಟ ಮೈಸೂರು ಪದಕದ ನಡುವೆ ಒಬ್ಬ ಸಿಪಾಯಿ ನಿಂತಿದ್ದಾನೆ. ಅವನ ಒಂದು ಕಾಲು ಉರುಳಿಬಿದ್ದ ಫಿರಂಗಿಯ ಮೇಲಿದೆ, ಕೈಯಲ್ಲಿ ಕಂಪನಿಯ ಬಾವುಟದ ಜೊತೆಗೆ ತಲೆಕೆಳಗಾದ ಮೈಸೂರಿನ ಬಾವುಟ. ಅಲ್ಲಿ ಗೆಲುವಿನ ಮುಖ ನಮ್ಮ ಕಡೆಯ ಒಬ್ಬ ಮನುಷ್ಯನದು. ಆ ಯುದ್ಧವನ್ನು ಮುಗಿಸಿದ 1792ರ ಒಪ್ಪಂದದ ಮೇಲೆ ಸೋಹೋದಲ್ಲಿ ಇನ್ನೊಂದು ಪದಕ ಅಚ್ಚಾಯಿತು. ಅದರಲ್ಲಿ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಳುಗಳಾಗಿ ಬರಮಾಡಿಕೊಳ್ಳುತ್ತಿದ್ದಾನೆ. ಮೇಲೆ ಲ್ಯಾಟಿನ್ನಿನಲ್ಲಿ, ಶತ್ರುವನ್ನು ಉಳಿಸುವುದು ಧರ್ಮವಾಗಲಿ ಎಂಬ ಅರ್ಥದ ಮಾತು. ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯನ್ನೂ ಮಕ್ಕಳನ್ನೂ ತೆಗೆದುಕೊಂಡ ಒಪ್ಪಂದ ಆ ಬಿಲ್ಲೆಯ ಮೇಲೆ ಕರುಣೆಯ ದೃಶ್ಯವಾಗಿದೆ! ಆ ಪದಕವನ್ನು ಕೊರೆದವನು ಕಾನ್ರಾಡ್ ಹೈನ್ರಿಶ್ ಕುಖ್ಲರ್. ಶ್ರೀರಂಗಪಟ್ಟಣದ ಪದಕವನ್ನು ಕೊರೆದವನೂ ಅವನೇ. ಕೈ ಅದೇ, ಟಂಕಸಾಲೆ ಅದೇ, ಶತ್ರುವೂ ಅದೇ. 1792ರಲ್ಲಿ ಟಿಪ್ಪುವನ್ನು ಗದ್ದುಗೆಯ ಮೇಲೆ ಉಳಿಸಿದ್ದರು, ಆದ್ದರಿಂದ ಪದಕ ಕರುಣೆಯ ಮಾತಾಡಿತು. 1799ರಲ್ಲಿ ಅವನ ಅರಸೊತ್ತಿಗೆಯನ್ನೇ ಅಳಿಸಿದರು, ಪದಕ ಹುಲಿಯನ್ನು ಅಂಗಾತ ಕೆಡವಿತು. ರಾಜಕೀಯ ಬದಲಾದ ಹಾಗೆ ಚಿತ್ರವೂ ಬದಲಾಗಿದೆ.

ಈ ಬದಲಾವಣೆಯಲ್ಲಿ ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. ಮೈಸೂರು ಪದಕದ ಮುಂಭಾಗದಲ್ಲಿದ್ದ ಸಿಪಾಯಿ ಶ್ರೀರಂಗಪಟ್ಟಣದ ಪದಕದ ಹೊತ್ತಿಗೆ ಕಾಣೆಯಾಗಿದ್ದಾನೆ. ಹಿಂಬದಿಯ ಗುಂಪಿನಲ್ಲಿ ಎಲ್ಲೋ ಇರಬಹುದು, ಗುರುತು ಹಿಡಿಯಲಾಗದು. ಯುದ್ಧ ಎರಡು ಪ್ರಾಣಿಗಳ ನಡುವಿನ ಕಾಳಗವಾದಾಗ ಮನುಷ್ಯರು ಚಿತ್ರದಿಂದ ಹೊರಗೆ ಹೋಗುತ್ತಾರೆ. ಹಾಗೆ ಹೊರಗುಳಿದವರು ಸಿಗುವುದು ಚಿತ್ರದಲ್ಲಲ್ಲ, ಲೋಹದಲ್ಲಿ. ಸೋಹೋದಲ್ಲಿ ಈ ಪದಕದ ಚಿನ್ನದ ಪ್ರತಿಗಳು 30, ಬೆಳ್ಳಿಗೆ ಚಿನ್ನದ ಲೇಪ ಕೊಟ್ಟವು 185, ಬೆಳ್ಳಿಯವು 850, ಕಂಚಿನವು 5,000, ತವರದವು 45,000 ಅಚ್ಚಾದವು. ಚಿನ್ನ ಜನರಲ್‌ಗಳಂಥ ಅತಿ ದೊಡ್ಡವರಿಗೆ, ಬೆಳ್ಳಿ ಅವರ ಕೆಳಗಿನ ಅಧಿಕಾರಿಗಳಿಗೆ, ಕಂಚು ಸಾರ್ಜೆಂಟ್ ದರ್ಜೆಯವರಿಗೆ, ತವರ ಸಾಮಾನ್ಯ ಸೈನಿಕರಿಗೆ. ಕಲ್ಕತ್ತದ ಟಂಕಸಾಲೆಯಲ್ಲೂ ತುಸು ಚಿಕ್ಕದಾಗಿ, 45 ಮಿಲಿಮೀಟರ್ ಅಳತೆಯಲ್ಲಿ, ಚಿನ್ನ ಬೆಳ್ಳಿಯ ಪದಕಗಳು ತಯಾರಾದವು. ತವರ ಸಿಕ್ಕಿದ್ದು ಭಾರತೀಯ ಸಿಪಾಯಿಗಳಿಗೆ ಮಾತ್ರ ಎಂದು ತಿಳಿದರೆ ತಪ್ಪಾಗುತ್ತದೆ. ಬ್ರಿಟಿಷ್ ಸಾಮಾನ್ಯ ಸೈನಿಕನಿಗೂ ತವರವೇ. ಈ ಹಂಚಿಕೆಯ ಮೂಲ ದರ್ಜೆಯಲ್ಲಿತ್ತು. ಆದರೆ ದರ್ಜೆಯ ಏಣಿಯನ್ನು ಕೊನೆಯವರೆಗೂ ಹತ್ತುವ ದಾರಿ ಸಿಪಾಯಿಗೆ ಇರಲಿಲ್ಲ ಎಂಬುದನ್ನೂ ಮರೆಯಬಾರದು. ಕೊಳ್ಳೆಯ ಹಣ ಹಂಚಿದಾಗಲೂ ಇದೇ ಏಣಿ ಕೆಲಸ ಮಾಡಿತು: ಸೇನಾಪತಿ ಹ್ಯಾರಿಸ್‌ನ ಪಾಲು ಒಂದು ಲಕ್ಷ ಪೌಂಡಿಗೂ ಮೀರಿತ್ತು, ಸಿಪಾಯಿಗೆ ಬಂದದ್ದು ಸುಮಾರು ಐದು ಪೌಂಡ್. ಚಿತ್ರ ಎಲ್ಲರಿಗೂ ಒಂದೇ ಗೆಲುವನ್ನು ತೋರಿಸುತ್ತದೆ. ಅದು ಯಾರಿಗೆ ಎಷ್ಟು ಸೇರಿತೆಂಬ ಲೆಕ್ಕ ಲೋಹದಲ್ಲಿದೆ. ತವರ ಮೆತ್ತನೆಯ ಲೋಹ, ಬೇಗ ಸವೆಯುತ್ತದೆ, ಬಾಗುತ್ತದೆ. ವಸ್ತುಸಂಗ್ರಹಾಲಯಗಳು ಹೊಳೆಯುವ ಚಿನ್ನ ಬೆಳ್ಳಿಯ ಪ್ರತಿಗಳನ್ನು ಮುಂದಿಡುವುದು ಸಹಜ. ಆದರೆ ಆ ಯುದ್ಧದಲ್ಲಿ ನಿಜವಾಗಿ ಕಾದಿದ ಹೆಚ್ಚಿನವರ ಪಾಲಿಗೆ ಬಂದದ್ದು ಮಂಕುಬಣ್ಣದ ತವರ.

ಅರಬ್ಬಿ ಪಾರ್ಸಿ ಓದಬಲ್ಲ ಸಿಪಾಯಿಗಳು ಎಷ್ಟು ಮಂದಿ ಇದ್ದಾರು, ಓದಲಾಗದ ಬರಹದಿಂದ ಯಾರ ಮನಸ್ಸಿನ ಮೇಲೆ ಏನು ಪರಿಣಾಮ ಎಂಬುದು ಇನ್ನೊಂದು ಆಕ್ಷೇಪ. ಓದಬಲ್ಲವರು ಕಡಿಮೆಯೇ ಇದ್ದಾರು, ಒಪ್ಪೋಣ. ಆದರೆ ಆಗ ಪಾರ್ಸಿ ಆಡಳಿತದ ಭಾಷೆ. ಸರ್ಕಾರದ ಕಾಗದ, ಮೊಹರು, ನಾಣ್ಯಗಳಲ್ಲಿ ಆ ಲಿಪಿಯನ್ನು ದಿನವೂ ಕಾಣುತ್ತಿದ್ದವನಿಗೆ ಓದು ಬಾರದಿದ್ದರೂ ಅದು ಅಧಿಕಾರದ ಬರಹ ಎಂಬುದು ತಿಳಿಯುತ್ತಿತ್ತು. ಹುಲಿಯ ಅರ್ಥಕ್ಕಂತೂ ಓದು ಬೇಕೇ ಇರಲಿಲ್ಲ. ಅದು ಜನರ ಮನಸ್ಸಿನಲ್ಲಿ ಎಷ್ಟು ಜೀವಂತವಾಗಿತ್ತು ಎಂಬುದಕ್ಕೆ 1806ರ ಜುಲೈ 10ರ ವೆಲ್ಲೂರು ಸಾಕ್ಷಿ. ಟಿಪ್ಪುವಿನ ಮಕ್ಕಳನ್ನು ಇರಿಸಿದ್ದ ಆ ಕೋಟೆಯಲ್ಲಿ ಮದರಾಸು ಸೇನೆಯ ಸಿಪಾಯಿಗಳೇ ದಂಗೆಯೆದ್ದರು, ಕೋಟೆಯ ಮೇಲೆ ಟಿಪ್ಪುವಿನ ಬಾವುಟವನ್ನು ಏರಿಸಿದರು. ಅವನು ಸತ್ತು ಏಳು ವರ್ಷ ಕಳೆದಿತ್ತು. ಪದಕದ ಚಿತ್ರ ವೆಲ್ಲೂರಿಗೂ ಮೊದಲೇ ಸಿದ್ಧವಾಗಿತ್ತು, ಆದ್ದರಿಂದ ದಂಗೆಗೆ ಉತ್ತರವಾಗಿ ಅದನ್ನು ರಚಿಸಿದರೆಂದು ಹೇಳಲಾಗದು. ಆದರೆ ಪದಕಗಳು ಭಾರತಕ್ಕೆ ಬಂದು ಹಂಚಿಕೆಯಾದದ್ದು 1808ರಲ್ಲಿ. ಎರಡೇ ವರ್ಷದ ಹಿಂದೆ ಟಿಪ್ಪುವಿನ ಬಾವುಟ ಏರಿಸಿದ್ದ ಸೇನೆಯ ಕೈಗೆ, ಟಿಪ್ಪುವಿನ ಹುಲಿ ಅಂಗಾತ ಬಿದ್ದ ಪದಕ ಬಂತು. ಆ ಹೊತ್ತಿನಲ್ಲಿ ಆ ಚಿತ್ರ ಬರೀ ಅಲಂಕಾರವಾಗಿತ್ತೆಂದು ನನಗನಿಸುವುದಿಲ್ಲ.

ಗೆದ್ದವರು ಹೀಗೆ ನೆನಪನ್ನು ಕಟ್ಟುವುದು ಇಂಗ್ಲಿಷರೊಬ್ಬರ ಚಾಳಿಯಲ್ಲ ಎಂಬುದನ್ನು ಹೇಳದಿದ್ದರೆ ಮಾತು ಪಕ್ಷಪಾತವಾಗುತ್ತದೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಯಲ್ಲಿ 1780ರ ಪೊಲ್ಲಿಲೂರ್ ಯುದ್ಧದ ದೊಡ್ಡ ಚಿತ್ರವಿದೆ. ಹೈದರ್ ಮತ್ತು ಟಿಪ್ಪು ಕಂಪನಿಯ ಕರ್ನಲ್ ಬೈಲಿಯ ಪಡೆಯನ್ನು ಸುತ್ತುವರಿದು ಸೋಲಿಸಿದ ದಿನ ಅದು. ಮದ್ದಿನ ಬಂಡಿ ಸಿಡಿಯುತ್ತಿದೆ, ಬೈಲಿ ಪಲ್ಲಕ್ಕಿಯಲ್ಲಿ ಕಂಗೆಟ್ಟು ಕೂತಿದ್ದಾನೆ, ಮೈಸೂರಿನವರು ಸಾಲುಸಾಲಾಗಿ ನುಗ್ಗುತ್ತಿದ್ದಾರೆ, ಟಿಪ್ಪು ಆನೆಕುದುರೆಗಳ ನಡುವೆ ಶಾಂತವಾಗಿ ಸಾಗುತ್ತಿದ್ದಾನೆ. ಅದೂ ಒಂದು ವಾದವೇ. ಅಂದು ಸೆರೆಸಿಕ್ಕು ಶ್ರೀರಂಗಪಟ್ಟಣದಲ್ಲಿ ವರ್ಷಗಟ್ಟಲೆ ಬಂಧನದಲ್ಲಿದ್ದ ಡೇವಿಡ್ ಬೇರ್ಡ್‌ನೇ 1799ರಲ್ಲಿ ಕೋಟೆಯ ಮೇಲಿನ ದಾಳಿಯ ಮುಂದಾಳು. ಗೋಡೆಯ ಚಿತ್ರ ಮತ್ತು ಪದಕದ ಚಿತ್ರ ಒಂದೇ ಜಗಳದ ಎರಡು ಹೇಳಿಕೆಗಳು. ಒಂದು ವ್ಯತ್ಯಾಸ ಮಾತ್ರ ಗಮನಿಸುವಂಥದ್ದು: ಗೋಡೆಯ ಚಿತ್ರವನ್ನು ಅರಮನೆಗೆ ಬಂದವರು ನೋಡಬೇಕು, ಪದಕ ಐವತ್ತು ಸಾವಿರ ಮನೆಗಳಿಗೆ ತಾನೇ ನಡೆದು ಹೋಗುತ್ತದೆ. ಬೌಲ್ಟನ್ ಮತ್ತು ಜೇಮ್ಸ್ ವಾಟ್‌ರ ಉಗಿಯಂತ್ರದ ಅಚ್ಚು ಇಲ್ಲದಿದ್ದರೆ ಇಷ್ಟು ಬಿಲ್ಲೆಗಳನ್ನು ಒಂದೇ ಸಮನಾಗಿ ಒತ್ತುವುದು ಆ ಕಾಲದಲ್ಲಿ ಸುಲಭವಾಗುತ್ತಿರಲಿಲ್ಲ. ಕೈಗಾರಿಕಾ ಕ್ರಾಂತಿ ಬಟ್ಟೆಯನ್ನಷ್ಟೇ ನಮ್ಮಲ್ಲಿಗೆ ಕಳಿಸಲಿಲ್ಲ, ನೆನಪನ್ನೂ ಅಚ್ಚು ಹಾಕಿ ಕಳಿಸಿತು.

ನಮ್ಮ ನೆಲದ ಸೋಲನ್ನು ಹಂಗಿಸುವ ಇಂಥ ವಸ್ತುವನ್ನು ನಾವೇಕೆ ಮೆರೆಸಬೇಕು ಎಂದು ಕೆಲವರು ಕೇಳಬಹುದು. ಟಿಪ್ಪುವಿನ ಬಗ್ಗೆ ನಾಡಿನಲ್ಲಿ ಒಮ್ಮತವಿಲ್ಲ; ಅವನನ್ನು ಒಪ್ಪದವರು ಈ ಪದಕದ ಬಗ್ಗೆ ಮಾತಾಡುವುದೇ ಅವನ ಹೊಗಳಿಕೆ ಎನ್ನಬಹುದು, ಅವನನ್ನು ಮೆಚ್ಚುವವರು ಇದು ಅವನಿಗೆ ಅವಮಾನ ಎನ್ನಬಹುದು. ಎರಡೂ ಕಡೆಯವರಿಗೆ ನನ್ನ ಉತ್ತರ ಒಂದೇ. ಪದಕವನ್ನು ಓದಲು ಟಿಪ್ಪುವಿನ ಮೇಲೆ ತೀರ್ಪು ಕೊಡಬೇಕಾಗಿಲ್ಲ. ಅವನ ಆಳ್ವಿಕೆ ಒಳ್ಳೆಯದಿತ್ತೋ ಕೆಟ್ಟದ್ದಿತ್ತೋ ಎಂಬುದನ್ನು ಈ ಬಿಲ್ಲೆ ಹೇಳುವುದಿಲ್ಲ, ಹೇಳಲಾರದು. ಅದು ಹೇಳುವುದು ಗೆದ್ದವರಿಗೆ ಅವನ ಯಾವ ಗುರುತುಗಳು ಅಪಾಯಕಾರಿ ಎನಿಸಿದ್ದವು ಎಂಬುದನ್ನು. ಸತ್ತ ದೊರೆಯ ಲಾಂಛನ, ಅವನ ಘೋಷವಾಕ್ಯ, ಅವನ ಆಸ್ಥಾನದ ಭಾಷೆ, ಇಷ್ಟನ್ನೂ ಎರವಲು ಪಡೆಯದೆ ತಮ್ಮ ಗೆಲುವನ್ನು ಹೇಳಿಕೊಳ್ಳಲು ಅವರಿಂದ ಆಗಲಿಲ್ಲ. ಮುಚ್ಚಿಟ್ಟರೆ ಈ ಸಾಕ್ಷ್ಯ ನಮಗೆ ದಕ್ಕುವುದಿಲ್ಲ. ವಿವರಣೆಯಿಲ್ಲದೆ ಬರೀ ತೋರಿಸಿದರೆ ಗೆದ್ದವರ ವಾದವನ್ನೇ ಇನ್ನೊಮ್ಮೆ ಸಾರಿದಂತಾಗುತ್ತದೆ.

ಆದ್ದರಿಂದ ಈ ಪದಕವಾಗಲಿ, ಇಂಥ ಬೇರೆ ಸ್ಮಾರಕ ಪದಕಗಳಾಗಲಿ ನಮ್ಮ ನಾಡಿನ ಯಾವುದೇ ವಸ್ತುಸಂಗ್ರಹಾಲಯದಲ್ಲಿ ಇದ್ದರೆ, ಅವುಗಳ ಮುಂದೆ ‘ಪದಕ, ಬೆಳ್ಳಿ, 1799’ ಎಂಬ ಒಂದು ಸಾಲಿನ ಚೀಟಿ ಸಾಲದು. ಎರಡೂ ಬದಿ ಕಾಣುವಂತೆ ಕೆಳಗೊಂದು ಕನ್ನಡಿ ಇಡಲಿ. ಅದಕ್ಕೆ ಹೆಚ್ಚೇನೂ ಖರ್ಚಾಗದು. ಅರಬ್ಬಿ ಪಾರ್ಸಿ ಬರಹಗಳ ಅರ್ಥವನ್ನು ಕನ್ನಡದಲ್ಲಿ ಬರೆಯಲಿ. ಯಾರು ಹೊರಡಿಸಿದರು, ಯಾವ ದರ್ಜೆಯವರಿಗೆ ಯಾವ ಲೋಹ ಸಿಕ್ಕಿತು ಎಂಬುದನ್ನೂ ತಿಳಿಸಲಿ. ಶಾಲೆಯ ಮಕ್ಕಳನ್ನು ಕರೆತರುವ ಮೇಷ್ಟ್ರುಗಳಲ್ಲೂ ಒಂದು ಮನವಿ: ಕತ್ತಿ, ಫಿರಂಗಿಗಳನ್ನು ತೋರಿಸಿ ಮುಂದೆ ಹೋಗುವ ಮೊದಲು ಪದಕಗಳ ಪೆಟ್ಟಿಗೆಯ ಮುಂದೆ ಹತ್ತು ನಿಮಿಷ ನಿಲ್ಲಿ, ಇದನ್ನು ಮಾಡಿಸಿದವರು ನಮ್ಮನ್ನು ಏನೆಂದು ನಂಬಿಸಲು ಹೊರಟಿದ್ದರು ಎಂದು ಮಕ್ಕಳನ್ನೇ ಕೇಳಿ.